ಗುಬ್ಬಿ ಮೊದಲೋ, ನಿಟ್ಟೂರು ಮೊದಲೋ?

ಎಂಆರ್‌ಐ ಫಿಲ್ಮನ್ನು ಆಸ್ಪತ್ರೆಯ ಕಿಟಕಿ ಬೆಳಕಿಗೆ ಹಿಡಿದು ಮೂವರೂ ನೋಡಿದೆವು. ಅಮ್ಮ, ಅಣ್ಣ, ನಾನು. ಅಡ್ಡಕ್ಕೆ ಹೆಚ್ಚಿದ ಹೂಕೋಸಿನ ಹೋಳುಗಳ ಹಾಗೆ ಸಾಲು ಸಾಲು ಚಿತ್ರ. ಒಂದು ಕಡೆ ಮಾತ್ರ ಯಾರೋ ಸುಣ್ಣ ಬಳಿದಂತೆ ಬಿಳಿ ಮಚ್ಚೆ. ಅದು ನಮ್ಮಪ್ಪನ ಮಿದುಳಿನ ಎಡಭಾಗ.

"ಡಾಕ್ಟ್ರೇ, ನಾವು ಮಾತಾಡೋದು ಇವ್ರಿಗೆ ಅರ್ಥ ಆಗ್ತಿದ್ಯಾ, ಇಲ್ವಾ? ಅದು ಇದ್ರಲ್ಲಿ ಕಾಣುತ್ತಾ?" ಅಮ್ಮ ಕೇಳಿದ್ದು ಇಷ್ಟೇ.

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಪ್ಪ ಬಸ್ ಡ್ರೈವರ್ ಆಗಿದ್ದವರು ಅನ್ನೋದು ಅವರಿಗೆ ಗೊತ್ತಿತ್ತು. "ನೋಡೀಮ್ಮ, ರಸ್ತೆ ಎಲ್ಲಿ ಕಿತ್ತುಹೋಗಿದೆ ಅನ್ನೋದು ಇದ್ರಲ್ಲಿ ಕಾಣುತ್ತೆ. ಈಗ ಯಾವ ಬಸ್ಸು ಓಡ್ತಿದೆ, ಯಾವುದು ನಿಂತಿದೆ ಅನ್ನೋದು ಕಾಣಲ್ಲ" ಅಂದರು.

ಆ ಮಾತು ತಿಂಗಳುಗಟ್ಟಲೆ ನನ್ನ ತಲೆ ಕೊರೆಯಿತು. ಹಾಗಾದರೆ ಬಸ್ಸು ಓಡುವುದನ್ನು ನೋಡುವ ಯಂತ್ರ ಇಲ್ಲವೇ? ಇದೆ ಅಂತ ಆಮೇಲೆ ಗೊತ್ತಾಯಿತು. ಅದರೊಳಗೆ ನಾನೇ ಹೋಗಿ ಮಲಗಿಯೂ ಬಂದೆ.

ಒಂದೇ ಒಂದು ಮಾತು ಉಳಿಯಿತು

ಅಪ್ಪ ತಿಪಟೂರಿನಿಂದ ಬೆಂಗಳೂರಿಗೆ 31 ವರ್ಷ ಬಸ್ ಓಡಿಸಿದವರು. ಹೋದ ವರ್ಷ ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿತು. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಅಮ್ಮ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟರು. ಫೋನಿನಲ್ಲಿ ನಾನೂ "ಸ್ವಲ್ಪ ಮಲಗಲಿ ಬಿಡಮ್ಮ" ಅಂದೆ. ಆ ಮಾತನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ತುಮಕೂರು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮಗೆ ಆ ಸಮಯ ಮೀರಿಹೋಗಿತ್ತು.

ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ಉಳಿದದ್ದು ಒಂದೇ ಮಾತು: "ರೈಟ್". ಕಂಡಕ್ಟರು ಸೀಟಿ ಹೊಡೆದು ಕೂಗುವ "ರೈಟ್ ರೈಟ್" ಇದೆಯಲ್ಲ, ಅದೇ. ಊಟ ಬೇಕಾ ಅಂದರೂ ರೈಟ್, ನೋವಿದೆಯಾ ಅಂದರೂ ರೈಟ್, ನನ್ನ ಹೆಸರೇನು ಹೇಳು ಅಂದರೂ ರೈಟ್.

ಮೊದಮೊದಲು ನಕ್ಕೆವು, ಆಮೇಲೆ ಅತ್ತೆವು. ಕೊನೆಗೆ ಅವರನ್ನು ಕೇಳುವುದನ್ನೇ ಬಿಟ್ಟೆವು. ನೋಡಲು ಬಂದವರು ಅವರೆದುರಿಗೇ "ಪಾಪ, ಏನೂ ತಿಳಿಯಲ್ಲ ಅಲ್ವಾ?" ಅಂತ ಅಮ್ಮನನ್ನು ಕೇಳುತ್ತಿದ್ದರು. ಒಂದು ದಿನ ಚಿಕ್ಕಪ್ಪ, ಮಂಚದ ಪಕ್ಕ ಕೂತೇ, ಖರ್ಚಿಗೆ ತೆಂಗಿನ ತೋಟ ಮಾರುವ ಮಾತೆತ್ತಿದರು. "ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡ್ರಾಯ್ತು. ಅವನಿಗೇನು ಗೊತ್ತಾಗುತ್ತೆ?"

ಅಪ್ಪ ಸೂರು ನೋಡುತ್ತಿದ್ದರು. "ರೈಟ್" ಅಂದರು. ಅದು ಒಪ್ಪಿಗೆಯಾ? ಸಿಟ್ಟಾ? ಏನೂ ಅಲ್ಲವಾ? ನಮಗೆ ಗೊತ್ತಾಗಲಿಲ್ಲ.

ಪ್ಯಾರಿಸ್ಸಿನ 'ಟಾನ್'

ಬೆಂಗಳೂರಿಗೆ ವಾಪಸ್ ಬಂದು ಕೆಲಸಕ್ಕೆ ಕೂತರೂ ಮನಸ್ಸು ಅಲ್ಲೇ. ಮಿದುಳಿನ ಸಂಶೋಧನೆಯಲ್ಲಿ ಪಿಎಚ್‌.ಡಿ ಮಾಡುತ್ತಿರುವ ಕಾಲೇಜು ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಮೊದಲು ಹೇಳಿದ್ದು ಒಂದು ಹಳೆಯ ಕಥೆ.

ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ 21 ವರ್ಷ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು "ಟಾನ್, ಟಾನ್". ಹಾಗಾಗಿ ಎಲ್ಲರೂ ಅವನನ್ನು ಟಾನ್ ಅಂತಲೇ ಕರೆಯುತ್ತಿದ್ದರು. ಹೇಳಿದ್ದು ಅವನಿಗೆ ಬಹುಪಾಲು ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಮಾತ್ರ ಆಗುತ್ತಿರಲಿಲ್ಲ. 1861ರಲ್ಲಿ ಆತ ತೀರಿಕೊಂಡಾಗ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ತೆಗೆದು ನೋಡಿದರು. ಎಡ ಮುಂಭಾಗದಲ್ಲಿ ಒಂದು ಕಡೆ ಹಾಳಾಗಿತ್ತು. ಆಡುವ ಮಾತಿಗೆ ಮಿದುಳಿನಲ್ಲಿ ಇಂಥದ್ದೊಂದು ಜಾಗ ಇದೆ ಎಂಬ ನಂಬಿಕೆಗೆ ಗಟ್ಟಿ ಆಧಾರ ಸಿಕ್ಕಿದ್ದು ಆಗ. ಆ ಜಾಗಕ್ಕೆ ಇಂದಿಗೂ 'ಬ್ರೋಕಾ ಪ್ರದೇಶ' ಎಂದೇ ಹೆಸರು.

ಬ್ರೋಕಾ ಆ ಮಿದುಳನ್ನು ಕತ್ತರಿಸದೆ ಇಡಿಯಾಗಿ ಉಳಿಸಿದ್ದರು. ಸುಮಾರು ಒಂದೂವರೆ ಶತಮಾನದ ನಂತರ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದೇ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾನಿ ಮೇಲ್ಮೈಯಲ್ಲಿ ಕಂಡದ್ದಕ್ಕಿಂತ ತುಂಬಾ ಆಳಕ್ಕೆ ಇಳಿದಿತ್ತು. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ನರತಂತುಗಳೂ ಕಡಿದಿದ್ದವು. ಅಂದರೆ ಮಾತು ಅನ್ನುವುದು ಒಂದು ಬಸ್‌ಸ್ಟ್ಯಾಂಡ್ ಅಲ್ಲ. ಹಲವು ಊರು ಮುಟ್ಟಿ ಹೋಗುವ ರೂಟು.

"ನಿಮ್ಮಪ್ಪನಿಗೆ ಆಗಿರೋದೂ ಅಫೇಸಿಯಾ. ಮಾತು ಹೋಗಿದೆ ಅಂದ್ರೆ ಬುದ್ಧಿ ಹೋಗಿದೆ ಅಂತ ಅಲ್ಲ. ಎರಡನ್ನೂ ಒಂದೇ ಅನ್ಕೊಂಡು ಕೂತಿದೀರ ನೀವು" ಅಂದಳು. ಕೇಳಿ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಆಮೇಲೆ ಅವಳೇ ಕೇಳಿದಳು: "ನಮ್ಮ ಸ್ಟಡಿಗೆ ಆರೋಗ್ಯವಾಗಿರೋ ವಾಲಂಟಿಯರ್ಸ್ ಬೇಕು. ಬರ್ತೀಯಾ? ಓಡ್ತಿರೋ ಬಸ್ಸು ನೋಡ್ಬೇಕು ಅಂತಿದ್ಯಲ್ಲ."

ಕಾಂತದ ಗುಹೆಯಲ್ಲಿ 40 ನಿಮಿಷ

ಶನಿವಾರ ಬೆಳಿಗ್ಗೆ ಹೋದೆ. ಮೊದಲು ಪ್ರಶ್ನೆಗಳ ಪಟ್ಟಿ. ಪೇಸ್‌ಮೇಕರ್ ಇದೆಯಾ? ಮೈಯೊಳಗೆ ಕ್ಲಿಪ್, ರಾಡ್ ಏನಾದರೂ? ಗರ್ಭಿಣಿಯಾ? ಮುಚ್ಚಿದ ಜಾಗದಲ್ಲಿ ಭಯವಾಗುತ್ತಾ? ಆಮೇಲೆ ಓಲೆ, ಸರ, ಹೇರ್‌ಪಿನ್, ವಾಚು, ಪರ್ಸಿನಲ್ಲಿದ್ದ ಎಟಿಎಂ ಕಾರ್ಡು, ಎಲ್ಲ ಹೊರಗೆ. ಅಲ್ಲಿರುವುದು 3 ಟೆಸ್ಲಾ ಶಕ್ತಿಯ ಆಯಸ್ಕಾಂತ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ 50 ಸಾವಿರ ಪಟ್ಟಿಗೂ ಹೆಚ್ಚು. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಆನ್ ಆಗಿಯೇ ಇರುತ್ತದೆ. ಜೇಬಿನಲ್ಲಿ ಮರೆತ ಕೀಲಿಕೈಯೂ ಅಲ್ಲಿ ಬಾಣದ ಹಾಗೆ ಹಾರೀತು. ಎಕ್ಸ್-ರೇ, ಸಿಟಿ ಸ್ಕ್ಯಾನ್‌ನಲ್ಲಿರುವ ವಿಕಿರಣ ಮಾತ್ರ ಇದರಲ್ಲಿ ಇಲ್ಲ.

ಕಿವಿಗೆ ಇಯರ್‌ಪ್ಲಗ್, ತಲೆ ಸುತ್ತ ಪಂಜರದಂಥ ಕಾಯಿಲ್, ಕಣ್ಣೆದುರು ಪುಟ್ಟ ಕನ್ನಡಿ. ಕೈಗೊಂದು ರಬ್ಬರ್ ಚೆಂಡು: ಗಾಬರಿಯಾದರೆ ಒತ್ತಬೇಕು. ಹಲಗೆ ಒಳಗೆ ಜಾರಿತು. ಶುರುವಾಯಿತು ನೋಡಿ ಸದ್ದು! ಟಕ್ ಟಕ್ ಟಕ್, ಆಮೇಲೆ ಡ್ರಿಲ್ಲಿಂಗ್ ಮೆಷಿನ್, ಆಮೇಲೆ ಹಳೇ ಜನರೇಟರ್. ಒಳಗಿನ ತಂತಿ ಸುರುಳಿಗಳಲ್ಲಿ ವಿದ್ಯುತ್ ಕ್ಷಣಕ್ಷಣಕ್ಕೂ ಬದಲಾಗುವಾಗ ಅವು ನಡುಗುವ ಸದ್ದು ಅದು.

ಕೆಲಸ ಸುಲಭ. ಕನ್ನಡಿಯಲ್ಲಿ ಸೂಚನೆ ಬಂದಾಗ 20 ಸೆಕೆಂಡು ಬಲಗೈ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಬೇಕು, 20 ಸೆಕೆಂಡು ಸುಮ್ಮನಿರಬೇಕು. ಹೀಗೇ ಹಲವು ಸಲ. ಆಮೇಲೆ ಬಾಯಿ ಅಲ್ಲಾಡಿಸದೆ ಮನಸ್ಸಿನಲ್ಲೇ 'ಕ' ಅಕ್ಷರದ ಪದಗಳನ್ನು ಹೇಳಿಕೊಳ್ಳಬೇಕು. ಕಾಗೆ, ಕತ್ತರಿ, ಕಡಲೆ, ಕಂಡಕ್ಟರ್... ಇಲ್ಲಿ ನನಗೆ ಕಣ್ಣು ತುಂಬಿತು. ತಲೆ ಅಲ್ಲಾಡಿಸುವ ಹಾಗಿರಲಿಲ್ಲ. ಕಣ್ಣೀರು ಕಿವಿಯ ಹತ್ತಿರ ಇಳಿಯಿತು.

ಪಂಕ್ತಿ ಊಟದ ಲೆಕ್ಕ

ಹೊರಗೆ ಬಂದ ಮೇಲೆ ಗೆಳತಿ ಕಂಪ್ಯೂಟರಿನಲ್ಲಿ ತೋರಿಸಿದಳು. ಬೂದು ಬಣ್ಣದ ನನ್ನ ಮಿದುಳಿನ ಎಡ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಒಂದು ಚುಕ್ಕೆ. ಬಲಗೈ ಆಡಿಸಿದರೆ ಕೆಲಸ ಮಾಡುವುದು ಎಡ ಮಿದುಳು. ಅಪ್ಪನ ಬಲಗೈ ಯಾಕೆ ಸೋತಿತು ಅನ್ನೋದು ಆಗ ಕಣ್ಣಿಗೇ ಕಂಡಿತು.

"ಇದು ಬೆಳಕಲ್ಲ. ನಿನ್ನ ಮಿದುಳಲ್ಲಿ ಏನೂ ಹೊತ್ತಿಕೊಂಡಿಲ್ಲ. ಇದು ಲೆಕ್ಕ" ಅಂದಳು.

ಏನು ಲೆಕ್ಕ? ಮಿದುಳಿನ ತೂಕ ದೇಹದ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಆಮ್ಲಜನಕ ತರುವುದು ರಕ್ತ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿರುವಾಗ ಒಂದು ಥರ, ಇಳಿಸಿದ ಮೇಲೆ ಇನ್ನೊಂದು ಥರ ಕಾಂತಕ್ಕೆ ಸ್ಪಂದಿಸುತ್ತದೆ. ಇದನ್ನು 1936ರಲ್ಲೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ತೋರಿಸಿದ್ದರು. ಅದನ್ನೇ ಬಳಸಿ ಮಿದುಳಿನ ಚಿತ್ರ ತೆಗೆಯಬಹುದು ಅಂತ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಪಾನಿನ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ಇಲಿಗಳಲ್ಲಿ ತೋರಿಸಿದರು. 1992ರ ಹೊತ್ತಿಗೆ ಮನುಷ್ಯರ ಮೇಲಿನ ಪ್ರಯೋಗಗಳು ಪ್ರಕಟವಾದವು. ಇದೇ ಫಂಕ್ಷನಲ್ ಎಂಆರ್‌ಐ, ಅಂದರೆ ಎಫ್‌ಎಂಆರ್‌ಐ. ಯಂತ್ರ ಆಸ್ಪತ್ರೆಯ ಎಂಆರ್‌ಐ ಥರದ್ದೇ, ನೋಡುವ ರೀತಿ ಬೇರೆ.

ಮದುವೆ ಮನೆ ಪಂಕ್ತಿ ನೆನೆಸಿಕೊಳ್ಳಿ. ಒಂದು ಸಾಲಿನವರು ಜೋರಾಗಿ ಉಣ್ಣುತ್ತಿದ್ದಾರೆ ಅಂತ ಕಂಡರೆ ಬಡಿಸುವವರು ಆ ಕಡೆಗೆ ಓಡುತ್ತಾರೆ. ಬೇಕಾದ್ದಕ್ಕಿಂತ ಜಾಸ್ತಿಯೇ ಸಾರು ತರುತ್ತಾರೆ. ಮಿದುಳಿನಲ್ಲೂ ಹಾಗೇ. ಕೆಲಸ ಮಾಡುವ ಭಾಗಕ್ಕೆ ಅದು ಬಳಸುವುದಕ್ಕಿಂತ ಹೆಚ್ಚು ಆಮ್ಲಜನಕದ ರಕ್ತ ನುಗ್ಗುತ್ತದೆ. ಯಂತ್ರ ಹಿಡಿಯುವುದು ಆ ಬಡಿಸುವವರ ಓಡಾಟವನ್ನು, ಉಣ್ಣುವವರನ್ನಲ್ಲ. ಅದೂ ಸ್ವಲ್ಪ ತಡವಾಗಿ. ನರಕೋಶಗಳು ಕೆಲಸ ಮಾಡುವುದು ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ, ರಕ್ತದ ಸೂಚನೆ ತುದಿಗೇರುವುದು ಐದಾರು ಸೆಕೆಂಡು ಆದಮೇಲೆ.

ಇನ್ನೊಂದು ಮಿತಿಯೂ ಇದೆ. ಈ ಚಿತ್ರದ ಒಂದು ಚುಕ್ಕೆ ಸುಮಾರು 3 ಮಿಲಿಮೀಟರಿನ ಪುಟ್ಟ ಘನ, ಒಂದು ಸಾಬಕ್ಕಿ ಕಾಳಿನಷ್ಟು. ಅಷ್ಟರಲ್ಲೇ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಯಾವ ನರಕೋಶ ಏನು ಹೇಳಿತು ಅಂತ ಇದರಲ್ಲಿ ತಿಳಿಯುವುದಿಲ್ಲ. ವೇಗ ಬೇಕಾದರೆ ನೆತ್ತಿಗೆ ತಂತಿ ಅಂಟಿಸಿ ವಿದ್ಯುತ್ ಅಲೆ ಹಿಡಿಯುವ ಇಇಜಿಯೇ ಮೇಲು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರಲ್ಲಿ ಮೊದಲು ದಾಖಲಿಸಿದ ಆ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅದರಲ್ಲಿ 'ಯಾವಾಗ' ತಿಳಿದಷ್ಟು ಚೆನ್ನಾಗಿ 'ಎಲ್ಲಿ' ತಿಳಿಯುವುದಿಲ್ಲ.

ಸುಮ್ಮನೆ ಮಲಗಿದ್ದಾಗ ನನ್ನ ಮಿದುಳು ಖಾಲಿ ಇತ್ತಾ ಅಂತ ಕೇಳಿದೆ. ಗೆಳತಿ ನಕ್ಕಳು. ಕೆಲಸವಿಲ್ಲದಾಗಲೇ ಚುರುಕಾಗುವ ಭಾಗಗಳೂ ಇವೆ. 2001ರಲ್ಲಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಇದನ್ನು 'ಡಿಫಾಲ್ಟ್ ಮೋಡ್' ಅಂತ ಕರೆದರು. ಸುಮ್ಮನಿದ್ದಾಗ ಮನಸ್ಸು ಹಳೆಯದು, ಮುಂದಿನದು, ನಾನು, ನನ್ನವರು ಅಂತ ಅಲೆಯುತ್ತದಲ್ಲ, ಅದಕ್ಕೂ ಈ ಭಾಗಗಳಿಗೂ ನಂಟಿದೆ. ಮಿದುಳಿನ ಶೇ 10 ಮಾತ್ರ ನಾವು ಬಳಸುತ್ತೇವೆ ಅನ್ನುವ ವಾಟ್ಸ್ಆ್ಯಪ್ ಫಾರ್ವರ್ಡ್ ಬಂದರೆ ಇನ್ನುಮುಂದೆ ಡಿಲೀಟ್ ಮಾಡಿಬಿಡಿ.

ಸತ್ತ ಮೀನು ಕಲಿಸಿದ ಪಾಠ

"ಹಾಗಾದ್ರೆ ಅಪ್ಪನ್ನ ಇದ್ರಲ್ಲಿ ಮಲಗ್ಸೋಣ. ಗೊತ್ತಾಗ್ಬಿಡುತ್ತೆ" ಅಂದೆ. ಗೆಳತಿ ಸತ್ತ ಮೀನಿನ ಕಥೆ ತೆಗೆದಳು.

ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೊ ತೋರಿಸಿ, "ಇವರ ಮನಸ್ಸಿನಲ್ಲಿ ಏನಿದೆ?" ಅಂತ ಕೇಳಿದರು. ಲೆಕ್ಕ ಹಾಕಿದರೆ ಸತ್ತ ಮೀನಿನ ಮಿದುಳಿನಲ್ಲಿ 'ಚಟುವಟಿಕೆ' ಕಂಡಿತು! ಹೇಗೆ? ಮನುಷ್ಯನ ಮಿದುಳಿನ ಒಂದು ಸ್ಕ್ಯಾನಿನಲ್ಲಿ ಹತ್ತಾರು ಸಾವಿರ ಚುಕ್ಕೆಗಳಿರುತ್ತವೆ. ಸಾವಿರಕ್ಕೊಂದು ತಪ್ಪು ಉತ್ತರ ಅಂದರೂ 50 ಸಾವಿರ ಚುಕ್ಕೆಗಳಲ್ಲಿ 50 ಕಡೆ ಸುಳ್ಳು ದೀಪ ಉರಿಯುತ್ತದೆ. ಅಷ್ಟು ಸಲ ಕೇಳಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿದಾಗ ಮೀನಿನ ಮಿದುಳು ಸದ್ದಿಲ್ಲದೆ ತಣ್ಣಗಾಯಿತು. 2009ರಲ್ಲಿ ಮಂಡಿಸಿದ ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಎಂಬ ನಗೆ ಪ್ರಶಸ್ತಿ ಬಂತು. ನಗೆಯಾದರೂ ಪಾಠ ಗಟ್ಟಿ: ಒಂದು ಸಲ ದೀಪ ಉರಿಯಿತು ಅಂತ ನಂಬಬೇಡ, ಮತ್ತೆ ಮತ್ತೆ ಕೇಳು.

ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಳು. ಭಯಪಟ್ಟಾಗ ಒಂದು ಭಾಗ ಚುರುಕಾಗುತ್ತದೆ ಅಂತಿಟ್ಟುಕೊಳ್ಳಿ. ಹಾಗಂತ ಆ ಭಾಗ ಚುರುಕಾದಾಗಲೆಲ್ಲ ಭಯವೇ ಅಂತ ಹೇಳುವ ಹಾಗಿಲ್ಲ. ಒಂದೇ ಭಾಗಕ್ಕೆ ಹತ್ತು ಕೆಲಸ. "ಸ್ಕ್ಯಾನ್ ಮಾಡಿದ್ವಿ, ಗ್ರಾಹಕರಿಗೆ ಈ ಬ್ರ್ಯಾಂಡ್ ಮೇಲೆ ಪ್ರೀತಿ ಇದೆ" ಅನ್ನುವ ಸುದ್ದಿಗಳು ಎಡವುವುದು ಇಲ್ಲೇ.

ಮನಸ್ಸು ಓದುವ ಯಂತ್ರ ಅನ್ನುವ ಆಸೆಗೆ, ಆತಂಕಕ್ಕೆ ನಮ್ಮ ರಾಜ್ಯದ ಹೆಸರೂ ಸೇರಿಕೊಂಡಿದೆ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆಯನ್ನು ಯಾರ ಮೇಲೂ ಅವರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ತಲೆಯೊಳಗಿನದ್ದು ಅವರವರದ್ದು.

ಟೆನಿಸ್ ಆಡಿ, ಮನೆ ಸುತ್ತಿ

ಇಷ್ಟೆಲ್ಲ ಮಿತಿಯ ನಡುವೆಯೂ ಈ ಯಂತ್ರ ಮಾಡಿದ ಒಂದು ಕೆಲಸ ಕೇಳಿ ನನ್ನ ಮೈ ಜುಮ್ಮೆಂದಿತು.

ಬ್ರಿಟನ್ನಿನಲ್ಲಿ 23 ವರ್ಷದ ಒಬ್ಬ ಮಹಿಳೆ ರಸ್ತೆ ಅಪಘಾತದ ನಂತರ ತಿಂಗಳುಗಟ್ಟಲೆ ಯಾವುದಕ್ಕೂ ಸ್ಪಂದಿಸುತ್ತಿರಲಿಲ್ಲ. ಕಣ್ಣು ಬಿಡುತ್ತಿದ್ದಳು, ಅಷ್ಟೇ. ಅರಿವೇ ಇಲ್ಲ ಅಂತ ವೈದ್ಯರು ತೀರ್ಮಾನಿಸಿದ್ದರು. ಏಡ್ರಿಯನ್ ಓವನ್ ಮತ್ತು ಸಂಗಡಿಗರು ಅವಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹೇಳಿದರು: "ಟೆನಿಸ್ ಆಡ್ತಿದೀನಿ ಅಂತ ಊಹಿಸಿಕೋ." ಆರೋಗ್ಯವಂತರಲ್ಲಿ ಹೇಗೋ ಹಾಗೆಯೇ, ಚಲನೆಯನ್ನು ಯೋಜಿಸುವ ಭಾಗ ಎಚ್ಚೆತ್ತಿತು. "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡ್ತಿದೀನಿ ಅಂತ ಊಹಿಸಿಕೋ" ಅಂದರು. ಜಾಗಗಳನ್ನು ಗುರುತಿಸುವ ಬೇರೆ ಭಾಗಗಳು ಎಚ್ಚೆತ್ತವು. 2006ರಲ್ಲಿ ಇದು ಪ್ರಕಟವಾಯಿತು.

2010ರಲ್ಲಿ ಬ್ರಿಟನ್ ಮತ್ತು ಬೆಲ್ಜಿಯಂನ ಸಂಶೋಧಕರು ಇಂಥ 54 ರೋಗಿಗಳನ್ನು ನೋಡಿದರು. ಐವರು ಹೇಳಿದ್ದನ್ನು ಊಹಿಸಿಕೊಂಡು ತೋರಿಸಿದರು. ಅವರಲ್ಲಿ ಒಬ್ಬಾತ 'ಹೌದು' ಅನ್ನಲು ಟೆನಿಸ್, 'ಇಲ್ಲ' ಅನ್ನಲು ಮನೆ ಅಂತ ಇಟ್ಟುಕೊಂಡು ತನ್ನ ತಂದೆಯ ಹೆಸರಿನಂಥ ಪ್ರಶ್ನೆಗಳಿಗೆ ಉತ್ತರಿಸಿದ. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳ ಇನ್ನೂ ದೊಡ್ಡ ಅಧ್ಯಯನ ಬಂತು. ಹೇಳಿದ್ದಕ್ಕೆ ಹೊರಗಿನಿಂದ ಯಾವ ಸ್ಪಂದನೆಯೂ ಇಲ್ಲದ 241 ಜನರಲ್ಲಿ 60 ಮಂದಿಯ ಮಿದುಳು, ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ, ಹೇಳಿದ್ದನ್ನು ಕೇಳಿ ಕೆಲಸ ಮಾಡುತ್ತಿತ್ತು. ನಾಲ್ವರಲ್ಲಿ ಒಬ್ಬರು!

"ನಿಮ್ಮಪ್ಪ ಅಷ್ಟು ಕಷ್ಟದ ಸ್ಥಿತಿಯಲ್ಲಿಲ್ಲ ಕಣೇ. ಎಡಗೈ ಆಡುತ್ತೆ, ಕಣ್ಣು ನೋಡುತ್ತೆ. ಕೋಟಿ ರೂಪಾಯಿ ಮೆಷಿನ್ ಯಾಕೆ? ಓವನ್ ಮಾಡಿದ್ದನ್ನೇ ನೀನು ಮನೇಲಿ ಮಾಡು. ಬಾಯಲ್ಲಿ ಉತ್ತರ ಕೇಳ್ಬೇಡ. ಅವ್ರಿಗೆ ನೀರು ಕುಡಿದಷ್ಟು ಚೆನ್ನಾಗಿ ಗೊತ್ತಿರೋದನ್ನ ತಪ್ಪಾಗಿ ಹೇಳು. ಏನ್ ಮಾಡ್ತಾರೆ ನೋಡು" ಅಂದಳು ಗೆಳತಿ.

ಜಗಲಿಯ ಮೇಲಿನ ಪ್ರಯೋಗ

ಮುಂದಿನ ವಾರ ಊರಿಗೆ ಹೋದೆ. ಅಪ್ಪನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಕೂತು ಶುರು ಮಾಡಿದೆ. "ಅಪ್ಪ, ಬೆಂಗಳೂರಿಗೆ ಹೋಗೋಣ. ತಿಪಟೂರು ಬಿಟ್ವಿ. ಕೆ.ಬಿ. ಕ್ರಾಸ್ ಬಂತು. ಆಮೇಲೆ ಗುಬ್ಬಿ. ಆಮೇಲೆ ನಿಟ್ಟೂರು..."

ಎಡಗೈ ಕುರ್ಚಿಯ ತೋಳಿಗೆ ಪಟ್ಟನೆ ಬಡಿಯಿತು. "ರೈಟ್! ರೈಟ್!" ಮುಖ ಕೆಂಪಾಗಿತ್ತು. ಕೈ ಹಿಂದಕ್ಕೆ, ಹಿಂದಕ್ಕೆ ಅಂತ ತೋರಿಸುತ್ತಿತ್ತು.

"ನಿಟ್ಟೂರು ಮೊದಲಾ ಅಪ್ಪ? ಆಮೇಲೆ ಗುಬ್ಬಿ?"

ಕೈ ನಿಂತಿತು. "ರೈಟ್" ಅಂದರು. ಈ ಸಲದ ರೈಟ್ ಬೇರೆಯೇ ಆಗಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಸತ್ತ ಮೀನು ನೆನಪಾಯಿತು. ಒಂದು ಸಲ ಸಾಕಾಗಲ್ಲ. ನೋಟ್‌ಬುಕ್ ತಂದೆ. ಎರಡು ದಿನಗಳಲ್ಲಿ ಸರಿಯೂ ತಪ್ಪೂ ಬೆರೆಸಿ 20 ಮಾತು ಹೇಳಿದೆ. ನನ್ನ ಮುಖ ನೋಡಿ ಊಹಿಸಬಾರದು ಅಂತ ಪಕ್ಕಕ್ಕೆ ತಿರುಗಿ ಹೇಳಿದೆ. ಡಾಬಸ್‌ಪೇಟೆ ಬಿಟ್ಟ ಮೇಲೆ ನೆಲಮಂಗಲ: ಸುಮ್ಮನಿದ್ದರು. ಅಣ್ಣ ನನಗಿಂತ ಚಿಕ್ಕವನು: ಕೈ ಬಡಿದರು. 20ರಲ್ಲಿ 17 ಸರಿ. ಉದ್ದುದ್ದ ಮಾತು ಹೇಳಿದಾಗ ಮಾತ್ರ ಎಡವಿದರು. ಅಂದರೆ ಎಲ್ಲವೂ ಮೊದಲಿನಂತೆ ಇಲ್ಲ, ಆದರೆ ಬಸ್ಸು ಓಡುತ್ತಿದೆ.

ಆಮೇಲೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಪದ್ಧತಿಯಾಗಿ ಪರೀಕ್ಷೆ ಮಾಡಿ ಹೇಳಿದ್ದೂ ಇದನ್ನೇ. ಮಾತು ಹೊರಡಿಸುವುದು ಹೆಚ್ಚು ಕೆಟ್ಟಿದೆ, ತಿಳಿಯುವುದು ಅಷ್ಟು ಕೆಟ್ಟಿಲ್ಲ. ಮಾತಾಡಲಾಗದ ಕೆಲವರು ಹಾಡಬಲ್ಲರು, ರಾಗದ ಜೊತೆ ಪದ ಬರುವುದುಂಟು ಅಂದರು. ಅಮ್ಮ ಈಗ ದಿನಾ ಸಂಜೆ ದೀಪ ಹಚ್ಚಿ ಹಾಡು ಹೇಳಿಸುತ್ತಾರೆ. ರಾಗ ಪೂರ್ತಿ ಬರುತ್ತದೆ, ಪದ ಅಲ್ಲಲ್ಲಿ.

ತೋಟದ ಪ್ರಶ್ನೆ

ತೋಟದ ವಿಷಯ ಉಳಿದಿತ್ತು. ಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟಿದ್ದರು: ದೊಡ್ಡ ವಿಷಯವನ್ನು ಎರಡೂ ಬದಿಯಿಂದ ಕೇಳಿ. ಸುಮ್ಮನೆ ಹೂಂಗುಟ್ಟುತ್ತಿದ್ದರೆ ಗೊತ್ತಾಗುತ್ತದೆ. ಚಿಕ್ಕಪ್ಪನನ್ನೂ ಕೂರಿಸಿಕೊಂಡೆವು. ಎರಡು ಚೀಟಿಯಲ್ಲಿ ಚಿತ್ರ ಬರೆದೆ. ಒಂದರಲ್ಲಿ ತೆಂಗಿನಮರ, ಇನ್ನೊಂದರಲ್ಲಿ ನೋಟಿನ ಕಟ್ಟು.

"ಅಪ್ಪ, ತೋಟ ಮಾರೋದಾ?" ಕೈ ಕುರ್ಚಿಗೆ ಬಡಿಯಿತು.

"ತೋಟ ಇಟ್ಕೊಳ್ಳೋದಾ?" ಎಡಗೈ ಮೆಲ್ಲಗೆ ಬಂದು ತೆಂಗಿನಮರದ ಚೀಟಿಯ ಮೇಲೆ ಕೂತಿತು.

ಮಾರನೇ ದಿನ ಪ್ರಶ್ನೆಯ ಸರದಿ ಬದಲಿಸಿ, ಚೀಟಿಯ ಜಾಗ ಬದಲಿಸಿ ಮತ್ತೆ ಕೇಳಿದೆವು. ಅದೇ ಉತ್ತರ. ಚಿಕ್ಕಪ್ಪ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದರು. "ಅವತ್ತು ನಾನು ಅಂದಿದ್ದೆಲ್ಲ ಕೇಳಿಸ್ಕೊಂಡಿದ್ಯೇನಣ್ಣ?" ಅಂದರು. ಅಪ್ಪ ಏನೂ ಹೇಳಲಿಲ್ಲ. ಎಡಗೈ ಚಾಚಿ ತಮ್ಮನ ಮೊಣಕಾಲು ತಟ್ಟಿದರು. ಖರ್ಚಿನ ಕಷ್ಟ ಇನ್ನೂ ಇದೆ. ಅಣ್ಣ, ನಾನು ತಿಂಗಳಿಗಿಷ್ಟು ಅಂತ ಹಂಚಿಕೊಂಡಿದ್ದೇವೆ. ತೋಟ ಇದೆ.

ನಮ್ಮವರ ಮಿದುಳಿನ ಲೆಕ್ಕ

ಇದರ ನಡುವೆ ಗೆಳತಿ ಹೇಳಿದ ಒಂದು ವಿಷಯ ನಿಮಗೂ ಹೇಳಬೇಕು. ಮಿದುಳಿನ ಚಿತ್ರಗಳ ಸಂಶೋಧನೆಯಲ್ಲಿ ಬಹುಪಾಲು ಪಶ್ಚಿಮದ ದೇಶಗಳ ಓದಿದ ಜನರದ್ದೇ ಮಿದುಳು. ಹಳ್ಳಿಯಲ್ಲಿ ಬದುಕಿದವರ, ಶಾಲೆಗೆ ಹೋಗದವರ ಮಿದುಳು ವಯಸ್ಸಾದಂತೆ ಹೇಗಾಗುತ್ತದೆ? ಇದನ್ನು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಸುಮಾರು 10 ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆಗಳ ಜೊತೆ ಎಂಆರ್‌ಐ ಕೂಡ ಅದರಲ್ಲಿದೆ. ಮರೆವಿನ ಕಾಯಿಲೆ ನಮ್ಮ ಹಳ್ಳಿಗಳಲ್ಲಿ ಹೇಗೆ ಶುರುವಾಗುತ್ತದೆ ಎಂಬುದಕ್ಕೆ ನಮ್ಮವರ ಮಿದುಳಿನಿಂದಲೇ ಉತ್ತರ ಬರಬೇಕಲ್ಲವೇ?

ಅಪ್ಪನಿಗೆ ಇನ್ನೊಂದು ಸುದ್ದಿ ಹೇಳಿ ರೇಗಿಸಿದೆ. ಲಂಡನ್ನಿನ ಟ್ಯಾಕ್ಸಿ ಡ್ರೈವರುಗಳು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅವರ ಮಿದುಳಿನಲ್ಲಿ ದಾರಿ ನೆನಪಿಡುವ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರದಕ್ಕಿಂತ ದೊಡ್ಡದು ಅಂತ ಎಲಿನಾರ್ ಮಗ್ವಾಯರ್ 2000ದಲ್ಲಿ ತೋರಿಸಿದರು. 2006ರಲ್ಲಿ ಅವರನ್ನು ಬಸ್ ಡ್ರೈವರುಗಳ ಜೊತೆ ಹೋಲಿಸಿದರು. ಆಗಲೂ ಟ್ಯಾಕ್ಸಿಯವರದ್ದೇ ದೊಡ್ಡದು. ಬಸ್ಸಿನವರಿಗೆ ದಿನಾ ಅದೇ ರೂಟು ಅಲ್ವಾ! "ನೋಡಪ್ಪ, ನಿಂದು ಬೆಳೆದಿಲ್ಲವಂತೆ" ಅಂದೆ. ಅಪ್ಪ ಕುರ್ಚಿಗೆ ಬಲವಾಗಿ ಕೈ ಬಡಿದರು. ಆಮೇಲೆ ನಕ್ಕರು. ಸ್ಟ್ರೋಕ್ ಆದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ನಿಮ್ಮ ಮನೆಗೂ ಇರಲಿ

ಓದುತ್ತಿರುವ ನಿಮ್ಮಲ್ಲಿ ಹಲವರ ಅಪ್ಪ-ಅಮ್ಮ ಊರಲ್ಲಿದ್ದಾರೆ. ಅವರಿಗೂ ನೆರೆಮನೆಯವರಿಗೂ ಇಷ್ಟು ಹೇಳಿಡಿ. ಮುಖ ಒಂದು ಕಡೆ ಜೋತರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕಷಾಯ ಬೇಡ, ಮಲಗಿಸುವುದು ಬೇಡ. ಶುರುವಾದ ಸಮಯ ಬರೆದುಕೊಂಡು 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೊರಡಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಮಾತು ಹೋದವರು ಮನೆಯಲ್ಲಿದ್ದರೆ ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಿ. ಟಿವಿ ಆರಿಸಿ. ಉತ್ತರಕ್ಕೆ ಕಾಯಿರಿ. ಚಿತ್ರ, ಫೋಟೊ, ಸನ್ನೆ ಬಳಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದಕ್ಕೇ ಪರಿಣತರಿದ್ದಾರೆ. ಎಲ್ಲಕ್ಕಿಂತ ಮೊದಲು, ಅವರೆದುರು ಅವರ ಬಗ್ಗೆ ಅವರು ಇಲ್ಲದ ಹಾಗೆ ಮಾತಾಡಬೇಡಿ.

ಮೊನ್ನೆ ಭಾನುವಾರ ಬೆಂಗಳೂರಿಗೆ ಹೊರಟೆ. ಅಪ್ಪ ಜಗಲಿಯಲ್ಲಿದ್ದರು. "ಬರ್ತೀನಪ್ಪ. ತಲುಪಿದ ತಕ್ಷಣ ಫೋನ್ ಮಾಡ್ತೀನಿ" ಅಂದೆ. ಮೊದಲಾದರೆ ಇದನ್ನು ಅಮ್ಮನಿಗೆ ಹೇಳಿ ಹೊರಡುತ್ತಿದ್ದೆ. ಅಪ್ಪ ಎಡಗೈ ಎತ್ತಿ ಬೀಸಿದರು.

"ರೈಟ್" ಅಂದರು.